ಲೋರವ್ವ ಬರೆಯದ ಕಣ್ಣು

ಭಾಳ ಹಿಂದ, ಬಾವಿ ನೀರು ಮ್ಯಾಲಿನ ಮೆಟ್ಟಿಲ ತನಕ ನಿಲ್ತಿದ್ದ ಕಾಲದಾಗ, ಇದೇ ನಮ್ಮ ಹಿರೇಬಾವಿ ಊರಿಗೆ ಅಮೆರಿಕಾದಿಂದ ಒಬ್ಬಾಕಿ ಬಂದಿದ್ದಳಂತ. ಯಾವ ಇಸವಿ ಅಂತ ಕೇಳಬ್ಯಾಡ್ರಿ, ಕೇಳಿದವರಿಗೆ ಕತಿ ಇಲ್ಲ. ಆಕಿ ಹೆಸರು ಲೊರೇನ್. ನಮ್ಮ ಮಂದಿ ನಾಲಿಗಿ ಅದನ್ನ ಲೋರವ್ವ ಮಾಡಿತು.

ಆಕಿ ಚಿತ್ರ ಬರಿಯಾಕಿ. ತನ್ನ ದೇಶದಾಗ ದೊಡ್ಡ ಹೆಸರಿತ್ತಂತ, ಆಕಿ ಪಟ ನೋಡಾಕ ಮಂದಿ ಪಾಳಿ ಹಚ್ಚಿ ನಿಲ್ತಿದ್ದರಂತ. ಅದೆಲ್ಲಾ ಬಿಟ್ಟು ಈ ಕಲ್ಲುಮುಳ್ಳಿನ ಊರಿಗೆ ಯಾಕ ಬಂದಳೋ, ಮೊದಲು ಯಾರಿಗೂ ತಿಳೀಲಿಲ್ಲ. ಊರ ಹೊರಗಿನ ಹಳೇ ಬಂಗಲೆದಾಗ ಒಬ್ಬಾಕೇ ಇದ್ದಳು. ಸಂಜಿಗೆ ಕಟ್ಟಿ ಮ್ಯಾಲೆ ತನಗೊಂದು ಕಪ್ಪು ಚಾ, ಪಕ್ಕದಾಗ ಒಂದು ಸಣ್ಣ ಲೋಟ ಹಾಲು ಇಡ್ತಿದ್ದಳಂತ. ಕುಡಿಯೋರನ್ನ ಯಾರೂ ಕಂಡಿಲ್ಲ, ಲೋಟ ಮಾತ್ರ ಖಾಲಿ ಆಗ್ತಿತ್ತಂತ. ಬೆಕ್ಕು ಅಂತೀರೇನು? ಅನ್ರಿ, ಅನ್ರಿ. ಆ ಬಂಗಲೆಗೆ ಬೆಕ್ಕು ಕಾಲಿಡ್ತಿರಲಿಲ್ಲ.

ಲೋರವ್ವ ಸತ್ತವರನ್ನ ಬರೀತಿದ್ದಳು. ನೀವು ಹೋಗಿ ಕೂತು, ನಮ್ಮವ್ವ ಹಿಂಗಿದ್ದಳು, ಹಿಂಗ ನಗ್ತಿದ್ದಳು ಅಂತ ಹೇಳ್ಕೋತ ಅತ್ತರ ಸಾಕು, ಆಕಿ ಬರೀತಾ ಹೋಗ್ತಿದ್ದಳು. ಬರಿಯೋವಾಗ ಸತ್ತವರ ಮೈವಾಸನಿ ಕೋಣಿ ತುಂಬ್ತಿತ್ತಂತ. ಪಟ ಮುಗಿದ ಮ್ಯಾಲೆ ವಾಸನಿ ಹೋಗ್ತಿತ್ತು, ಎದಿ ಮ್ಯಾಲಿನ ಭಾರನೂ ಇಳೀತಿತ್ತು. ಆದರ ಯಾವ ಪಟಕ್ಕೂ ಆಕಿ ಕಣ್ಣು ಬರೀಲಿಲ್ಲ. ನೀವೂ ಬರೀಬ್ಯಾಡ್ರಿ ಅಂತಿದ್ದಳು. ಯಾಕ ಅಂತ ಕೇಳಿದರ ಕುಂಚ ತೊಳಿಯಾಕ ಎದ್ದು ಹೋಗ್ತಿದ್ದಳು.

ಅಂಥಾದ್ರಾಗ ಒಂದು ವರ್ಷ ನೇಕಾರ ಓಣಿ ತಿಪ್ಪವ್ವನ ಮಗಳು ಸಾವಂತ್ರಿ ಬಾವ್ಯಾಗ ಬಿದ್ದಳು. ಇನ್ನೂ ಹಾಲುಹಲ್ಲಿನ ಕೂಸು. ಈಜಾಡೋರು ಎಷ್ಟು ಮುಳುಗಿದರೂ ಹೆಣ ಸಿಗಲಿಲ್ಲ. ಮಣ್ಣು ಕೊಟ್ಟಿಲ್ಲ, ಕೈಯಾರೆ ಕೂಸಿನ ಕಣ್ಣು ಮುಚ್ಚಿಲ್ಲ, ತಾಯಿ ಹೆಂಗ ತಡಕೊಂಡಾಳು? ತಿಪ್ಪವ್ವ ಬಂಗಲೆಗೆ ಹೋಗಿ ಬಿದ್ದಳು. ಲೋರವ್ವ ಬರದು ಕೊಟ್ಟಳು. ಅದೇ ಜಡಿ, ಅದೇ ಹರಕ ಲಂಗ. ಕಣ್ಣಿಲ್ಲ ಅಷ್ಟ.

ನೋಡ್ರಿ, ನಮ್ಮದು ದೇವರಿಗೇ ಕಣ್ಣು ಬರಿಯೋ ಊರು. ಚಿತ್ರಗಾರರು ಕಟಿಗಿಯಾಗ ದುರಗವ್ವನ್ನ ಕೆತ್ತಿ, ಎದುರಿಗೆ ಕನ್ನಡಿ ಹಿಡಿದು, ಕಡೀಗೆ ಕಣ್ಣು ಬಿಡಿಸ್ತಾರ. ಕಣ್ಣಿಲ್ಲದ ರೂಪ ಮನಿಯಾಗ ಇಟ್ಕೊಂಡರ ಕೇಡು ಅಂತಾರ. ಪರದೇಶದಾಕಿಗೆ ಪದ್ಧತಿ ಗೊತ್ತಿಲ್ಲ ಪಾಪ ಅಂತ ಮಂದಿ ಅಂದರು. ನನ್ನ ಮಗಳೇನು ಕುರುಡಿಯೇನು ಅಂತ ತಿಪ್ಪವ್ವ ಅತ್ತಳು. ಲೋರವ್ವಗ ತಿಳೀದಂಗ ಬಂಗಲೆದಿಂದ ಚೂರು ಕರಿ ಬಣ್ಣ ಎಲಿಯಾಗ ಕಟ್ಕೊಂಡು ಬಂದು, ಚಿತ್ರಗಾರ ಏಕಪ್ಪನ ಮುಂದ ಇಟ್ಟಳು. ಏಕಪ್ಪ ಮರುಗಿ, ಮಡಿಯಿಂದ, ಕನ್ನಡಿ ಹಿಡಿದು ಕೂಸಿನ ಕಣ್ಣು ಬಿಡಿಸಿದ. ಒಳ್ಳೇ ಮನಸ್ಸಿನಿಂದನ ಮಾಡಿದ, ಅವನನ್ನ ಬೈಬ್ಯಾಡ್ರಿ.

ಮರುದಿನ ಮನಿ ನೆಲದ ತುಂಬ ಹಸಿ ಹೆಜ್ಜಿ. ಸಣ್ಣವು. ತಿಪ್ಪವ್ವ ಕುಣಿದಾಡಿದಳಂತ, ಮಗಳು ಬಂದಾಳ ಅಂತ ಬೆಲ್ಲ ಹಂಚಿದಳಂತ. ಆದರ ದಿನಾ ಹೆಜ್ಜಿ ಬಾಗಿಲ ತನಕ ಹೋಗಿ ಹೊಳ್ಳಿ ಬರ್ತಿದ್ದವು. ಬಾಗಿಲ ಅಗಳಿಯ ಕೆಳಗ ಉಗುರಿನ ಗೀರು ಕಂಡವು. ಪಟದಾಗ ಕೂಸಿನ ಜಡಿಯಿಂದ ನೀರು ತೊಟ್ಟಿಕ್ಕಾಕ ಹತ್ತಿತು. ಎಲ್ಲಿ ನಿಂತರೂ ಆ ಕಣ್ಣು ತಾಯಿನ್ನ ನೋಡ್ತಿದ್ದವು, ಬಿಡು ಅನ್ನೋ ಹಂಗ.

ಸುದ್ದಿ ಮುಟ್ಟಿದ ಕೂಡಲೆ ಲೋರವ್ವ ಬರಿಗಾಲಾಗ ಓಡಿ ಬಂದಳು. ಪಟಕ್ಕ ಬೆರಳು ಹಚ್ಚಿ ನೋಡಿದಳು. ಬಣ್ಣ ಇನ್ನೂ ಹಸಿ ಅದ, ಎಣ್ಣಿ ಬಣ್ಣ ಲಗೂನ ಒಣಗಂಗಿಲ್ಲ ಅಂದಳು. ಕಣ್ಣು ಬಿಡಿಸಿದರ ಸತ್ತವರು ಹೋಗಲಾರರು, ಬಣ್ಣ ಹಸಿ ಇರೋದ್ರಾಗ ಹಡದಾಕಿನ ತನ್ನ ಕೈಲೆ ಆ ಕಣ್ಣು ಮುಚ್ಚಬೇಕು, ಒಣಗಿದರ ಮುಗೀತು ಅಂದಳು. ನಿನಗ ಹೆಂಗ ಗೊತ್ತು ಅಂತ ತಿಪ್ಪವ್ವ ಸಿಟ್ಟಿಗೆದ್ದಳು. ಆಗ ಲೋರವ್ವ ಹೇಳಿದ ಮಾತು ಇದು:

"ನನ್ನ ಮಗನ ಕಣ್ಣು ನಾನ ಬರದೆ. ಒಣಗಿ ಹೋತು. ಸಮುದ್ರ ದಾಟಿ ಬಂದೆ, ಅವನೂ ಬಂದಾನ. ಇಲ್ಲೇ ಅದಾನ."

ಕೂಡಿದ ಮಂದಿ ಆಕಿ ಬೆನ್ನ ಹಿಂದ ನೋಡಿದರಂತ. ಒಣ ನೆಲದ ಮ್ಯಾಲೆ ಎರಡು ಸಣ್ಣ ಪಾದ ಒತ್ತಿದ್ದವಂತ.

ತಿಪ್ಪವ್ವ ಪಟದ ಮುಂದ ಕೂತಳು. ಕೂಸನ್ನ ಇಟ್ಕೊಳ್ಳೋದು ಆಕಿ ಕೈಯಾಗಿತ್ತು, ಯಾರೂ ಕಸಗೊಳ್ಳಾಕ ಬರ್ತಿರಲಿಲ್ಲ. ಕಡೀಗೆ ಹಸಿ ಬಣ್ಣದ ಮ್ಯಾಲೆ ಹೆಬ್ಬೆರಳು ಎಳದು ಒಂದು ಕಣ್ಣು ಮುಚ್ಚಿದಳು, ಇನ್ನೊಂದು ಮುಚ್ಚಿದಳು. ಬಾಯಿಗೆ ರೂಢಿ ಮಾತು ಬಂತು, "ಹೋಗಿ..." ಅಂದಳು. ಬಾ ಅನ್ನಲಿಲ್ಲ. ತುಟಿ ಕಚ್ಚಿ ಹಿಡಿದು, "ಹೋಗವ್ವ" ಅಂದಳು. ಅಯ್ಯೋ ಶಿವನೇ, ಯಾವ ತಾಯಿಗೂ ಆ ಮಾತು ಬರಬಾರದು! ಹೊಸ್ತಿಲ ಆಚೆ ಹಸಿ ಹೆಜ್ಜಿ ಬಾವಿ ಕಡೆ ಹೋಗಿದ್ದವಂತ. ಆಮ್ಯಾಲೆ ಮೂಡಲಿಲ್ಲ.

ಮುಂದ ಲೋರವ್ವ ಮುದುಕಿಯಾಗಿ ಇಲ್ಲೇ ಸತ್ತಳು. ಆಕಿ ಕಣ್ಣು ಮುಚ್ಚಿದಾಕಿ ತಿಪ್ಪವ್ವನ. ಹೋಗವ್ವ ಅಂದಾಕಿನೂ ಆಕಿನ.

ಅದಕ್ಕ ಇವತ್ತಿಗೂ ನಮ್ಮೂರಾಗ ಸತ್ತವರ ಫೋಟೋ ಗೋಡಿಗಿ ಹಾಕೋ ಮುಂಚೆ ಮನಿ ಹೆಣ್ಮಗಳು ಎರಡೂ ಕಣ್ಣಿನ ಮ್ಯಾಲೆ ಹೆಬ್ಬೆರಳು ಇಡ್ತಾಳ. ಬಂಗಲೆ ಕಟ್ಟಿ ಮ್ಯಾಲೆ ಸಂಜಿಗೆ ಪಾಳಿ ಪ್ರಕಾರ ಒಂದು ಕಪ್ಪು ಚಾ, ಒಂದು ಸಣ್ಣ ಲೋಟ ಹಾಲು ಇಡ್ತೀವಿ. ಹೊತ್ತು ಮೂಡಿದಾಗ ನೋಡಿದರ ಚಾ ಆರಿ ಹಂಗೇ ಇರ್ತದ. ಲೋಟ ಖಾಲಿ.

ಇವತ್ತು ಪಾಳಿ ನಮ್ಮ ಮನೀದು. ಏಳ್ರಿ, ಹಾಲು ಕಾಸ್ರಿ. ಕೂಸು ಕಾಯ್ತಿರ್ತದ.