ಉಪ್ಪುಹೊಳೆಯ ನಡುವಿನ ಸಿಹಿನೀರು

ಕಡಲ ಕರೆಯ ಮುಳ್ಳುಕಡವಿನಲ್ಲಿ ಹೆಣ್ಣಿನ ಸಂತತಿಗೇ ಪಟ್ಟ ಸಲ್ಲುತ್ತಿದ್ದ ಪೂರ್ವಕಾಲದ ಮಾತಿದು. ಗಂಡಸರು ಕತ್ತಿ ಹಿಡಿದು ಮೆರೆಯುತ್ತಿದ್ದರು. ನಾಡು ಮಾತ್ರ ಅಕ್ಕನಿಂದ ತಂಗಿಗೆ, ತಾಯಿಯಿಂದ ಮಗಳಿಗೆ ಇಳಿಯುತ್ತಿತ್ತು. ಪಟ್ಟ ಬಿಡುವವಳು ಪಡೆಯುವವಳ ಅಂಗೈಗೆ ಸಿಹಿನೀರು ಧಾರೆಯೆರೆಯಬೇಕು. ಉಪ್ಪುನೀರಿನ ಧಾರೆ ಸಲ್ಲದು. ಇದು ಕಟ್ಟಳೆ.

ಅರಸಿ ಪದುಮಲೆ ಆಳಿ ಆಳಿ ದಣಿದಿದ್ದಳು. ಸುಂಕದ ಜಗಳ, ಗಡಿಯ ಜಗಳ ತೀರಿಸಿ ಒಳಗೆ ಬಂದರೆ ಗಂಡ ಬಂಕಿಯರಸನದು ಒಂದೇ ಹಾಡು: ಪಟ್ಟ ನನಗೆ ಕೊಡು. ಅವಳಿಗೆ ಕ್ಷಯ ಹಿಡಿದು ಬದುಕುವುದಿಲ್ಲವೆಂದು ತಿಳಿದದ್ದೇ ತಡ, ಅವನು ಬಾವಿಗಳಿಗೆಲ್ಲ ಕಾವಲು ಹಾಕಿಸಿದ. ಧಾರೆಯಾಗದೆ ಅವಳು ಕಣ್ಣು ಮುಚ್ಚಿದರೆ ಹೆಣ್ಣಿನ ಹಕ್ಕು ತಪ್ಪಿ ನಾಡು ಅವನದು. ಉಪ್ಪುಹೊಳೆಯ ಆಚೆ ದಡದಲ್ಲಿದ್ದ, ಪಟ್ಟಕ್ಕೆ ಬರಬೇಕಾದ ತಂಗಿ ಲಚ್ಚಲೆಯನ್ನು ಕೊನೆಯ ಸಲ ನೋಡಬೇಕೆಂದು ಅವಳು ಕೇಳಿದಾಗ, ಹೊಳೆಯ ನಡುವಿನ ಬಂಡೆಯ ಮೇಲೆ ನೋಡಿಕೊ ಎಂದು ದೊಡ್ಡ ಮನಸ್ಸು ತೋರಿಸಿದ. ಸುತ್ತ ಉಪ್ಪುನೀರು. ಅಕ್ಕತಂಗಿಯರು ಬಂದ ಎರಡೂ ದೋಣಿಗಳಲ್ಲಿದ್ದ ಕುಡಿಯುವ ನೀರಿನ ಕೊಡಗಳನ್ನು ಮೊದಲೇ ಒಡೆಸಿದ್ದ.

"ಅಕ್ಕ, ಭಾವ ನೀರಿಗೂ ಕಾವಲು ಹಾಕಿಸಿದ್ದಾರಲ್ಲ. ಗಾಳಿಗೆ ಯಾವಾಗ?" ಎಂದಳು ಬಂಡೆ ಹತ್ತಿ ಬಂದ ಲಚ್ಚಲೆ.

"ಅಷ್ಟು ಆಳುಗಳಿಲ್ಲ ಅವರ ಹತ್ತಿರ."

"ಬೇಗ ಮುಗಿಸಿ, ಉಬ್ಬರ ಬರುತ್ತಿದೆ," ಎಂದ ಬಂಕಿಯರಸ, ದೋಣಿಯಿಂದಲೇ.

ಪದುಮಲೆಗೆ ಸಿಟ್ಟು ಮಾಡಲೂ ತ್ರಾಣವಿರಲಿಲ್ಲ. ತಂಗಿಯ ಅಂಗೈ ಹಿಡಿದುಕೊಂಡಳು. "ನೀನು ಹುಟ್ಟಿದಾಗ ಮೊದಲು ಎತ್ತಿಕೊಂಡವಳು ನಾನು. ಈಗ ಬರಿಗೈಲಿ ಕಳಿಸ್ತಾ ಇದ್ದೇನೆ, ಲಚ್ಚೀ," ಎನ್ನುತ್ತ ಬಂಡೆಗೆ ಕೈಯೂರಿ ಕುಸಿದಳು. ಕೈ ತಗುಲಿದ ಬಿರುಕಿನಿಂದ ತಣ್ಣನೆಯ ನೀರು ಉಕ್ಕಿತು. ಬೆರಳನ್ನು ನಾಲಿಗೆಗೆ ಮುಟ್ಟಿಸಿದಳು. ಸಿಹಿ.

ಆಗ ಬಂಡೆಯೊಳಗಿಂದ ಜಲದೇವಿಯ ವಾಣಿ ಎಲ್ಲರಿಗೂ ಕೇಳಿಸಿತು: "ದಣಿದವಳ ಕೈಗೆ ನೀರು ಕೊಡಲು ನನಗೆ ಯಾರ ಅಪ್ಪಣೆಯೂ ಬೇಡ. ಎರೆ."

ಅಂಬಿಗರ ಕಣ್ಣೆದುರೇ ಅಕ್ಕ ಎರೆದಳು, ತಂಗಿ ಹಿಡಿದಳು. ಉಳಿದ ಬೊಗಸೆ ನೀರನ್ನು ಪದುಮಲೆ ತಾನೇ ಕುಡಿದು, ತಂಗಿಯ ತೊಡೆಯ ಮೇಲೆ ತಲೆಯಿಟ್ಟು ಕಣ್ಣು ಮುಚ್ಚಿದಳು. ಬಾವಿಗಳ ಕಾವಲು ತೆಗೆಯಿರಿ ಎಂಬುದು ಲಚ್ಚಲೆಯ ಮೊದಲ ಅಪ್ಪಣೆ. ಬಂಕಿಯರಸನನ್ನು ಯಾರೂ ಕೇಳಲಿಲ್ಲ.

ಇಳಿತದ ಹೊತ್ತಿಗೆ ಆ ಬಂಡೆ ಇಂದಿಗೂ ಕಾಣುತ್ತದೆ. ಬಿರುಕಿನ ನೀರು ಇಂದಿಗೂ ಸಿಹಿ. ಇಲ್ಲಿ ಗೋಪುರವಿಲ್ಲ, ಹುಂಡಿಯಿಲ್ಲ, ಪೂಜಾರಿಯೂ ಇಲ್ಲ. ಅಕ್ಕತಂಗಿಯರು ಬಂದು ಒಬ್ಬರ ಕೈಗೊಬ್ಬರು ನೀರೆರೆದು ಹೋಗುತ್ತಾರೆ. ತವರಿನ ಪಾಲು ಬೇಡವೆಂದು ತಂಗಿಯಿಂದ ಸಹಿ ಹಾಕಿಸಿಕೊಂಡ ಅಣ್ಣಂದಿರು ಬಂಡೆ ಹತ್ತುವಂತಿಲ್ಲ. ದೋಣಿಯಲ್ಲೇ ಬಿಸಿಲಿನಲ್ಲಿ ಕಾಯಬೇಕು. ಬಾಯಾರಿದರೆ ತಂಗಿಯನ್ನೇ ಕೇಳಬೇಕು.