ಖಾಲಿಯಾಗಬಹುದಾದ ಜಾಗ

ನಮ್ಮ ತಾಲ್ಲೂಕಿನ ಉದ್ಯೋಗ ಮಾರ್ಗದರ್ಶನ ಕಚೇರಿಯಲ್ಲಿ ಅವತ್ತು ನಿರುದ್ಯೋಗಿಗಳಿಗೆ ಪಂಪ್‌ಸೆಟ್ ರಿಪೇರಿ ಕಲಿಸುವ ಶಿಬಿರ ಶುರುವಾಗುವುದಿತ್ತು. ನೋಡಲು ದಿಲ್ಲಿಯಿಂದ ಅಧಿಕಾರಿಗಳು ಬರುವವರಿದ್ದರು. ಬೆಳಿಗ್ಗೆ ಒಂಬತ್ತಾದರೂ ಹಾಲ್‌ನಲ್ಲಿ ಬರೀ ಕುರ್ಚಿಗಳು. ಹಿಂದಿನ ಶಿಬಿರ ಮುಗಿಸಿದವರೇ ಇನ್ನೂ ಕೆಲಸ ಹುಡುಕುತ್ತಿರುವಾಗ ಹೊಸದಕ್ಕೆ ಯಾರು ಬರುತ್ತಾರೆ?

ಕಚೇರಿಯ ಮುಖ್ಯಸ್ಥರಾದ ಹಂಪಣ್ಣವರ ಸಾಹೇಬರು ದಿನಗೂಲಿ ಜವಾನ ಮಾಳಪ್ಪನನ್ನು ಕರೆದರು. "ಹನ್ನೊಂದರೊಳಗ ಹಾಲ್ ತುಂಬಬೇಕು. ಇಲ್ಲಂದ್ರ ನಾಳೆಯಿಂದ ನೀ ಕೆಲಸಕ್ಕ ಬರಬ್ಯಾಡ."

"ಆತ್ರಿ," ಅಂದ ಮಾಳಪ್ಪ. ಸೈಕಲ್ ಹತ್ತಿ ಬಸ್ ಸ್ಟ್ಯಾಂಡ್ ಎದುರಿನ ಚಹಾದಂಗಡಿಗೆ ಹೋದ. ಚಹಾ ಕುಡಿಯುತ್ತ ಪಕ್ಕದವನ ಕಿವಿಯಲ್ಲಿ ಏನೋ ಹೇಳಿದ. ಯಾರಿಗೂ ಹೇಳಬ್ಯಾಡ ಅಂತಲೂ ಹೇಳಿ ವಾಪಸ್ ಬಂದ.

ಹತ್ತೂವರೆಗೆ ಹಾಲ್‌ನಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಿ.ಎ. ಪಾಸಾದವರು ಕಿಟಕಿ ಹತ್ತಿ ಕೂತಿದ್ದರು. ದಿಲ್ಲಿಯವರು ಖುಷಿಯಾಗಿ ಫೋಟೊ ತೆಗೆಸಿಕೊಂಡರು.

ಸಾಹೇಬರು ಹಿಗ್ಗಿಹೋಗಿ ಮಾಳಪ್ಪನನ್ನು ಪಕ್ಕಕ್ಕೆ ಕರೆದು ಕೇಳಿದರು, "ಇಷ್ಟು ಮಂದಿಗೆ ಏನಂತ ಹೇಳಿದ್ಯೋ?"

"ನಮ್ಮ ಆಫೀಸಿನ್ಯಾಗ ಇವತ್ತು ಒಂದು ಜವಾನನ ಜಾಗ ಖಾಲಿ ಆಗಬಹುದು ಅಂದೆ ರೀ."

ಸಾಹೇಬರ ನಗು ಅಲ್ಲೇ ನಿಂತಿತು. "ಯಾವ ಜಾಗನೋ?"

"ನಂದೇ ರೀ. ಹಾಲ್ ತುಂಬದಿದ್ರ ಖಾಲಿ ಆಗ್ತಿತ್ತು. ಮುಂಜಾನೆ ನೀವೇ ಹೇಳಿದ್ರಲ್ಲ."

ಮುಂದಿನ ಸಾಲಿನವರಿಗೆ ಇದು ಕೇಳಿಸಿತು. ಅವರು ನಕ್ಕರು, ಹಿಂದಿನವರಿಗೂ ಹೇಳಿ ನಗಿಸಿದರು. ಸಾಹೇಬರು ಬೆವರು ಒರೆಸಿಕೊಂಡರು. "ಕೆಲಸ ಎಲ್ಲೈತಿ ಅಂತ ಈಗ ಇವರು ಕೇಳಿದ್ರ ನಾ ಏನು ಹೇಳ್ಲಿ?"

"ಮಾರ್ಗದರ್ಶನ ಮಾಡ್ರಿ, ಸಾಹೇಬ್ರ," ಅಂದ ಮಾಳಪ್ಪ. "ನಾ ಅಷ್ಟರಾಗ ಉಪ್ಪಿಟ್ಟು ತರ್ತೀನಿ."