ಹಿಡಿತ ಬಿಡದ ಮಾಸು

ಕೆಂದಿ ಎಂಬ ಕಡಸು ಮೊದಲ ಸಲ ಗಬ್ಬವಾದಾಗ, ಅವಳ ಹೊಟ್ಟೆಯೊಳಗೆ ಕರುವಿನ ಜೊತೆಗೇ ಒಂದು ಮಾಸೂ ಬೆಳೆಯಿತು. ಕರುವಿಗೆ ಅನ್ನ, ಉಸಿರು ಎರಡನ್ನೂ ಮುಟ್ಟಿಸುವುದು ಅದರ ಕೆಲಸ. ಗರ್ಭಕೋಶದ ಒಳಗೋಡೆಯಲ್ಲಿ ಅಂಗಿಗುಂಡಿಗಳಂತೆ ಎದ್ದಿದ್ದ ನೂರು ಗಂಟುಗಳನ್ನು ಮಾಸು ಒಂದೊಂದಾಗಿ ಬಿಗಿಹಿಡಿಯಿತು.

“ಇಷ್ಟೊಂದು ಬಿಗಿ ಏತಕ್ಕೆ?” ಎಂದು ಗರ್ಭಕೋಶ ಕೇಳಿತು.

“ಕೈ ಜಾರಿದರೆ ಕರು ಉಪವಾಸ ಬಿದ್ದೀತು. ನನಗೆ ಅದೇ ಭಯ,” ಎಂದಿತು ಮಾಸು.

ಒಂಬತ್ತು ತಿಂಗಳು ತುಂಬಿತು. ಒಂದು ಮುಂಜಾನೆ ಕರು ಹೊರಗೆ ಬಿತ್ತು. ಅದರ ಹಿಂದೆಯೇ ಬೀಳಬೇಕಿದ್ದ ಮಾಸು ಮಾತ್ರ ಅಲ್ಲಾಡಲಿಲ್ಲ.

“ನಿನ್ನ ಕೆಲಸ ಮುಗಿಯಿತು, ಹೊರಡು,” ಎಂದಿತು ಗರ್ಭಕೋಶ.

“ಹೊರಗೆ ಅದಕ್ಕೆ ಉಣಿಸುವವರು ಯಾರು? ಕೆಂದಿಗೆ ಇದು ಚೊಚ್ಚಲು, ಅವಳಿಗೇನು ಗೊತ್ತು? ಕರು ಮರಳಿ ಬಂದರೆ ನಾನು ಇಲ್ಲಿರಬೇಡವೇ?”

ಸಂಜೆಯ ಹೊತ್ತಿಗೆ ಕೆಂದಿಗೆ ಜ್ವರವೇರಿತು. ಹೊರಗಿನಿಂದ ಕರುವಿನ ಕೂಗು ಕೇಳಿ ಮಾಸು ಹಿಡಿತವನ್ನು ಇನ್ನಷ್ಟು ಬಿಗಿಮಾಡಿತು.

“ಕೇಳಿದೆಯಾ? ಹಸಿದಿದೆ! ನಾನು ಹೇಳಲಿಲ್ಲವೇ?”

“ಹಸಿದಿರುವುದು ನಿಜ,” ಎಂದು ಗರ್ಭಕೋಶ ನರಳಿತು. “ಕೆಚ್ಚಲಲ್ಲಿ ಹಾಲು ತುಂಬಿದೆ. ಆದರೆ ನೀನು ಹಿಡಿದ ಕಡೆಯೆಲ್ಲ ಉರಿ ಎದ್ದು, ಆ ನೋವಿಗೆ ಕೆಂದಿ ಕರುವನ್ನು ಒದೆಯುತ್ತಿದ್ದಾಳೆ.”

ಮಾಸು ಒಂದು ಗಂಟು ಬಿಟ್ಟು, ಕರುವಿಗೇನಾಯಿತೋ ಎಂದು ಕಿವಿಗೊಟ್ಟಿತು. ಇನ್ನೊಂದು ಬಿಟ್ಟಿತು. ಕೊನೆಗೆ ಎಲ್ಲವನ್ನೂ ಬಿಟ್ಟು ಹುಲ್ಲಿನ ಮೇಲೆ ಬಿದ್ದಾಗ, ಕೆಂದಿ ನಿಟ್ಟುಸಿರಿಟ್ಟು ಕರುವಿನ ಕಡೆ ತಿರುಗಿದಳು.

ಕರು ಮಾಸನ್ನು ಮೆಟ್ಟಿಕೊಂಡೇ ಓಡಿಹೋಗಿ ಕೆಚ್ಚಲಿಗೆ ಬಾಯಿ ಹಾಕಿತು.